ಬಗ್ಗಿದ ಹ್ಯಾಂಡಲ್

"ನಿಲ್ಸಿ! ಅದನ್ನ ಕೊಯ್ಬೇಡಿ!"

ಅಷ್ಟರಲ್ಲಿ ಗರಗಸ ಕಬ್ಬಿಣ ದಾಟಿ ಆಚೆ ಬಂದಿತ್ತು. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ್ದ ಸೈಕಲ್ ಹ್ಯಾಂಡಲ್ಲಿನ ಒಂದು ಬದಿ ಠಣ್ಣೆಂದು ನೆಲಕ್ಕೆ ಬಿತ್ತು.

ಅಂಗಡಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವನನ್ನು ಗರಗಸ ಹಿಡಿದಿದ್ದ ಅವಳು ಬೆರಗಿನಿಂದ ನೋಡಿದಳು. "ನೀವ್ಯಾರು?"

"ಆ ಸೈಕಲ್ ನಂದು!"

"ನಿಮ್ಮಕ್ಕ ತಂದುಕೊಟ್ಟಿದ್ದು. ನೇರ ಹ್ಯಾಂಡಲ್ ಹಾಕ್ಸೋಕೆ ನೀವೇ ಹೇಳಿ ಕಳಿಸಿದ್ದು ಅಂದ್ರು... ಬೋಲ್ಟು ತುಕ್ಕು ಹಿಡಿದು ಕಚ್ಕೊಂಡಿತ್ತು, ಅದಕ್ಕೇ ಕೊಯ್ದೆ."

"ನಾನು ರೇಸಲ್ಲಿ ಬಿದ್ದಾಗಿನಿಂದ ಅವಳಿಗೆ ನನ್ನ ಬೆನ್ನಿನದೇ ಚಿಂತೆ, ಬಗ್ಗಿ ಓಡಿಸ್ಬೇಡ ಅಂತಾಳೆ. ನಿಮಗೆ ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು?"

ಕೇಳಬೇಕಿತ್ತು. ಹಳೆಯ ಉಕ್ಕಿನ ಸೈಕಲ್ಲುಗಳ ಗೇರು ಬಿಚ್ಚಿ, ದಪ್ಪ ಟಯರು, ಬುಟ್ಟಿ, ನೇರ ಹ್ಯಾಂಡಲ್ ಹಾಕಿ, ದಿನದ ಓಡಾಟಕ್ಕೆ ಕಡಿಮೆ ಬೆಲೆಯಲ್ಲಿ ಸಜ್ಜು ಮಾಡುವುದು ಅವಳ ಕಸುಬು. ಯಾರೋ ಮೂಲೆಗೆ ಎಸೆದದ್ದು ಮತ್ತೆ ಓಡಿದರೆ ಅವಳಿಗೆ ಖುಷಿ.

ಆದರೆ ಇದನ್ನು ಯಾರೂ ಎಸೆದಿರಲಿಲ್ಲ...

"ಇಂಥದೇ ಹ್ಯಾಂಡಲ್ ಹುಡುಕಿ ಹಾಕಿಕೊಡ್ತೀನಿ. ಅಲ್ಲೀವರೆಗೆ ನೇರ ಹ್ಯಾಂಡಲ್ಲಲ್ಲೇ ಓಡಿಸಿ."

"ಸೊಪ್ಪು ತರೋಕೆ ಹೋಗೋ ತಾತನ ಹಾಗೆ ಕಾಣ್ತೀನಿ ಅಷ್ಟೇ!"

"ತಾತಂದಿರು ಬೀಳಲ್ಲ."

ಅವನಿಗೆ ನಗು ಬಂತು. ತಡೆದುಕೊಂಡ.

ಆಮೇಲೆ ಬ್ರೇಕು ಕಿರುಗುಟ್ಟುತ್ತದೆ ಎಂದು ಬಂದ. ಸೀಟು ಎತ್ತರವಾಯಿತು ಎಂದು ಬಂದ. ಒಮ್ಮೆ, ಏನೂ ಆಗಿಲ್ಲ ಎಂದು ಹೇಳುವುದಕ್ಕೇ ಬಂದ!

ಗುಜರಿಯಲ್ಲಿ ಅಂಥದೇ ಹ್ಯಾಂಡಲ್ ಸಿಕ್ಕಾಗ ಅವಳಿಗೆ ಸಂತೋಷವಾಗಬೇಕಿತ್ತು. ಅದನ್ನು ಗೋಣಿಯಲ್ಲಿ ಸುತ್ತಿ ಮೇಜಿನ ಕೆಳಗೆ ತಳ್ಳಿದಳು.

'ಕೊಟ್ಟರೆ ಮತ್ತೆ ಬರುತ್ತಾನಾ? ಕೊಡದಿದ್ದರೆ... ಎರಡನೇ ಸಲ ಅನ್ಯಾಯ ಮಾಡಿದ ಹಾಗಲ್ಲವೇ?'

ನಾಲ್ಕಾರು ದಿನ ಒದ್ದಾಡಿ, ಕೊನೆಗೆ ಅವನ ಮುಂದೆ ಇಟ್ಟೇಬಿಟ್ಟಳು.

"ಸಿಕ್ಕಿತು. ಸಂಜೆಯೊಳಗೆ ಹಾಕಿಕೊಡ್ತೀನಿ. ಎಲ್ಲ ಮೊದಲಿನ ಹಾಗೇ ಆಗುತ್ತೆ."

ಅವನು ಅದರ ಬಾಗಿದ ಕಂಬಿಯ ಮೇಲೆ ಬಹಳ ಹೊತ್ತು ಬೆರಳಾಡಿಸಿದ.

"ಇಂಥದನ್ನ ಹಿಡ್ಕೊಂಡು ಈ ಬೀದೀಲಿ ವರ್ಷಗಟ್ಟಲೆ ಹೋಗಿದೀನಿ ರೀ. ತಲೆ ಬಗ್ಗಿಸಿ, ಮುಂದಿನ ಚಕ್ರ ನೋಡ್ಕೊಂಡು. ಇಲ್ಲೊಂದು ಅಂಗಡಿ ಇದೆ, ಬಾಗಿಲಲ್ಲಿ ನೀವು ಕೂತಿರ್ತೀರಿ ಅಂತ ಗೊತ್ತೇ ಇರಲಿಲ್ಲ. ಈಗ ನೆಟ್ಟಗೆ ಕೂತು ಬರ್ತೀನಲ್ಲ... ಆ ತಿರುವಿನಿಂದಲೇ ಕಾಣ್ತೀರಿ."

ಅವಳ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು.

"ಅಂದ್ರೆ... ಇದನ್ನ ಹಾಕಲಾ?"

"ಬೇಡ."