ರೆಕ್ಕೆ ತುದಿಯಲ್ಲಿ ನಿಂತವನು

"ನಿಲ್ಸೀ...!"

ಎಂಜಿನ್ ಸದ್ದಿನಲ್ಲಿ ಆ ಕೂಗು ಅವಳಿಗೆ ಕೇಳಲಿಲ್ಲ. ಕಂಡದ್ದು ತಲೆಯ ಮೇಲೆ ಒಂದಕ್ಕೊಂದು ಅಡ್ಡ ಹಿಡಿದ ಎರಡು ಕೈ ಮಾತ್ರ!

ಬ್ರೇಕ್ ಒತ್ತಿದಳು. ಪುಟ್ಟ ವಿಮಾನ ಮುಗ್ಗರಿಸಿ ನಿಂತಿತು. ಹಿಂದಿದ್ದ ಪಾರ್ಸೆಲ್ ಡಬ್ಬಗಳು ಕಟ್ಟಿದ ಬಲೆಯೊಳಗೇ ದಡಬಡ ಎಂದವು.

ಎಂಜಿನ್ ಆರಿಸಿ ಇಳಿದು ನೋಡಿದಳು. ಅವಳ ವಿಮಾನದ ಬಲ ರೆಕ್ಕೆಗೂ ಪಕ್ಕದ ವಿಮಾನದ ಬಾಲಕ್ಕೂ ನಡುವೆ ಒಂದೇ ಒಂದು ಗೇಣು ಜಾಗ!

ಜೀವ ಬಾಯಿಗೆ ಬಂತು. ಪೈಲಟ್ ಆಗಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಹೀಗಾ?

"ಎಲ್ಲಿತ್ತು ಮೇಡಂ ಗಮನ?"

ರೆಕ್ಕೆ ಎಲ್ಲೂ ತಾಗದಂತೆ ಕಾಯುವ ಯುವಕ ಸಿಡುಕಿದ. ಅವನ ಮುಖವೂ ಬಿಳಿಚಿಕೊಂಡಿತ್ತು.

"ನಾನು ಹಳದಿ ಗೆರೆ ಮೇಲೇ ಬರ್ತಿದ್ದೆ! ಆ ವಿಮಾನಾನೇ ಗೆರೆ ದಾಟಿ ನಿಲ್ಸಿದಾರೆ. ಬಲಗಡೆ ತುದಿ ನನ್ನ ಸೀಟಿಂದ ಸರಿಯಾಗಿ ಕಾಣಲ್ಲ. ಅದನ್ನ ನೋಡೋಕೇ ತಾನೆ ನೀವಿರೋದು?"

ಅವನು ತಲೆ ತಗ್ಗಿಸಿ ಹೊರಟೇ ಹೋದ.

ಮರುದಿನ ರೆಕ್ಕೆಯ ಹತ್ತಿರ ಬೇರೆ ಯಾರೋ ನಿಂತಿದ್ದರು. ಮುಂದೆ ನಿಂತು ದಾರಿ ತೋರಿಸುವ ಹಿರಿಯರನ್ನು ಅಲ್ಲಿ ಎಲ್ಲರೂ ಮಾವ ಎಂದೇ ಕರೆಯುವುದು.

"ನಿನ್ನೆ ಇದ್ದವರೆಲ್ಲಿ ಮಾವ?"

"ನಿನ್ನ ವಿಮಾನದ ಹತ್ರ ಮಾತ್ರ ಬರಲ್ಲ ಅಂತ ಸೂಪರ್‌ವೈಸರ್‌ಗೆ ಹೇಳಿದ್ನಂತೆ ಕಣಮ್ಮ..."

ಕೆನ್ನೆಗೆ ಬಾರಿಸಿದಂತಾಯಿತು. 'ಅಷ್ಟು ಕೆಟ್ಟ ಪೈಲಟ್ಟಾ ನಾನು...?'

ಆಕಾಶದಲ್ಲಿ ಅಂಜದವಳು ಅಂದಿನಿಂದ ನೆಲದ ಮೇಲೆ ಗೇಣು ಗೇಣಿಗೂ ಬ್ರೇಕ್ ಒತ್ತತೊಡಗಿದಳು.

"ಅಮ್ಮಾ, ಈ ಕೆಲಸ ಬಿಟ್ಬಿಡ್ತೀನಿ," ಎಂದಳು ಫೋನಿನಲ್ಲಿ.

"ಯಾಕೆ ಪುಟ್ಟಿ, ಹಾರೋಕೆ ಭಯಾನಾ?"

"ಇಲ್ಲಮ್ಮ... ನಿಲ್ಸೋಕೆ."

ಅಮ್ಮನಿಗೂ ಹೇಳದ ಮಾತೊಂದಿತ್ತು. ದಿನಾ ಇಳಿದೊಡನೆ ಅವಳ ಕಣ್ಣು ಅವನನ್ನೇ ಹುಡುಕುತ್ತಿತ್ತು. ಬೈದವನನ್ನೇ ಹುಡುಕುವುದೆಂದರೇನು? ಈ ಮನಸ್ಸಿಗೆ ಮಾನ ಮರ್ಯಾದೆ ಒಂದೂ ಇಲ್ಲ!

ಒಂದು ಮಧ್ಯಾಹ್ನ ನಿಲ್ದಾಣದ ತುಂಬ ವಿಮಾನಗಳು ಒತ್ತೊತ್ತಾಗಿ ನಿಂತಿದ್ದವು. ಮಾವ ಮುಂದೆ ನಿಂತು 'ಬಾ ಬಾ' ಎಂದು ಕೈಬೀಸಿದರು.

ಅವಳು ಬಲಗಡೆ ನೋಡಿದಳು. ಯಾರೂ ಇಲ್ಲ!

ರೆಕ್ಕೆ ಕಾಯುವವನು ಕಾಣದಿದ್ದರೆ ಗಾಲಿ ಉರುಳಬಾರದು. ಅದು ನಿಯಮ. ಅವಳು ನಿಲ್ಲಿಸಿದಳು. ಮಾವನ ಕೈ ಸೋತಿತು, ಹಿಂದೆ ಇನ್ನೊಂದು ವಿಮಾನ ಬಂದು ಕಾದು ನಿಂತಿತು.

"ಯಾಕೆ ನಿಂತ್ರಿ?" ರೇಡಿಯೋ ಗದರಿತು.

"ಬಲಗಡೆ ಯಾರೂ ಕಾಣ್ತಿಲ್ಲ. ಕಾಣೋವರೆಗೂ ನಾನು ಅಲ್ಲಾಡಲ್ಲ."

ಆಗ ಪಕ್ಕದ ವಿಮಾನದ ಬಾಲದ ಮರೆಯಿಂದ ಒಬ್ಬ ಈಚೆ ಬಂದ.

ಅವನೇ!

ಆಳು ಸಾಲದೆ ಮಾವ ಅವನನ್ನು ಎಳೆದುತಂದಿದ್ದರು. ಅವಳ ಕಣ್ಣಿಗೆ ಬೀಳಬಾರದೆಂದು ಪುಣ್ಯಾತ್ಮ ಅಡಗಿ ನಿಂತಿದ್ದ!

ಅವನು ಹೆಬ್ಬೆರಳು ಎತ್ತಿದ. ವಿಮಾನ ಇಂಚಿಂಚಾಗಿ ಸರಿದು ಜಾಗಕ್ಕೆ ಬಂತು. ಅಷ್ಟೂ ಹೊತ್ತು ಅವನ ನೋಟ ರೆಕ್ಕೆಯ ತುದಿ ಬಿಟ್ಟು ಕದಲಲಿಲ್ಲ. ಒಮ್ಮೆಯೂ ಅವಳತ್ತ ತಿರುಗಲಿಲ್ಲ.

ಎಂಜಿನ್ ಆರಿಸಿ ಬಿರುಗಾಳಿಯಂತೆ ಇಳಿದಳು.

"ನನ್ನ ಮುಖ ನೋಡೋಕೂ ಆಗದಷ್ಟು ಅಸಹ್ಯಾನಾ?"

ಅವನು ಬೆಚ್ಚಿಬಿದ್ದ. "ಅಯ್ಯೋ, ಹಾಗಲ್ಲ ಮೇಡಂ! ಆ ದಿನ ತಪ್ಪು ನಂದು. ಸೂಪರ್‌ವೈಸರ್‌ಗೂ ಅದನ್ನೇ ಹೇಳಿದೀನಿ."

"ಏನು?!"

"ನೀವು ನನ್ನ ನೋಡ್ಲೇಬೇಕು, ಅದು ನಿಮ್ಮ ಕೆಲಸ. ನಾನು ನಿಮ್ಮನ್ನ ನೋಡಬಾರ್ದು, ಅದು ನನ್ನ ಕೆಲಸ. ಆದ್ರೆ ಆ ದಿನ... ನೋಡ್ಬಿಟ್ಟೆ. ರೆಕ್ಕೆ ಮೇಲಿರಬೇಕಾದ ಕಣ್ಣು ನಿಮ್ಮ ಕಿಟಕೀಲಿತ್ತು. ಗೇಣು ದೂರ ಉಳಿದಾಗ ಎಚ್ಚರ ಆಯ್ತು."

ಅವಳು ತಿರುಗಿ ತನ್ನ ಕಿಟಕಿಯನ್ನೊಮ್ಮೆ ನೋಡಿದಳು.

"ಹೆದರಿ ನಿಮ್ಮ ಮೇಲೇ ರೇಗಿದೆ. ಕ್ಷಮಿಸಿ... ನನ್ನಿಂದ ನಿಮಗೆ ಏನಾದ್ರೂ ಆಗಿದ್ರೆ ನಾನು ಬದುಕ್ತಿರ್ಲಿಲ್ಲ. ಅದಕ್ಕೇ ದೂರ ಇದ್ದೆ."

'ಇಷ್ಟು ದಿನ ನಾನು ಕೊರಗಿದ್ದು ಇದಕ್ಕಾ...?' ಅವಳ ಕಣ್ಣು ತುಂಬಿ ಬಂತು.

"ಇವತ್ತು ನೋಡ್ಲಿಲ್ವಲ್ಲ?"

"ಕತ್ತು ನೋಯ್ತಿದೆ ಮೇಡಂ... ಅಷ್ಟು ಬಿಗಿ ಹಿಡಿದಿದ್ದೆ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಬಗ್ಗಿ ಗಾಲಿಗಳನ್ನು ನೋಡಿದಳು. ಮಾವ ಆಗಲೇ ಅವು ಉರುಳದಂತೆ ಅಡ್ಡಗಟ್ಟೆ ಇಟ್ಟು, ಏನೂ ಕೇಳಿಸದವರಂತೆ ದೂರ ಹೋಗುತ್ತಿದ್ದರು.

"ಎಂಜಿನ್ ಆರಿದೆ. ಗಾಲಿಗೆ ಅಡ್ಡಗಟ್ಟೆ ಬಿದ್ದಿದೆ," ಎಂದಳು ಮೆಲ್ಲಗೆ. "ಈಗ ನೋಡಬಹುದು."

ಅವನು ತಲೆ ಎತ್ತಿ ನೋಡಿದ.

"ಎಷ್ಟು ಹೊತ್ತು?"

"ನಾನು ಕೈ ಅಡ್ಡ ಹಿಡಿಯೋವರೆಗೂ."

ಅವಳ ಕೈಗಳು ಮೇಲೇಳಲೇ ಇಲ್ಲ.