ಮುನ್ನೂರು ಪ್ರತಿಗಳ ಕೊನೆಯ ಹಾಳೆ

2025ರ ಜೂನ್ 26, ಗುರುವಾರ. ಮೊಳಕಾಲ್ಮೂರಿನ ನೇಕಾರಗಿತ್ತಿ ಮಾಲತಿಯ ಮನೆಯಲ್ಲಿ ಮುನ್ನೂರು ಪುಸ್ತಕಗಳಿದ್ದವು. ಮುನ್ನೂರರಲ್ಲಿಯೂ ಕೊನೆಯ ಹಾಳೆ ಇರಲಿಲ್ಲ.

ಅದು ಆಕೆ ಬರೆದು, ತಾನೇ ಅಚ್ಚು ಹಾಕಿಸಿದ ಮೊದಲ ಕಾದಂಬರಿ. ಭಾನುವಾರ ಚಳ್ಳಕೆರೆಯಲ್ಲಿ ಬಿಡುಗಡೆ.

"ಪ್ರೆಸ್‌ನವರ ತಪ್ಪಿರಬೇಕು," ಎಂದರು ಸಬ್‌ಇನ್‌ಸ್ಪೆಕ್ಟರ್ ಶಶಿರೇಖಾ.

"ಮಂಗಳವಾರ ಪುಸ್ತಕ ಬಂದಾಗ ನಾನೇ ನೋಡೀನಿ ಮೇಡಂ. ಹಾಳೆ ಇತ್ತು. ಬ್ಲೇಡಲ್ಲಿ ಕೊಯ್ದಿರೋ ಗುರುತು ಐತೆ ನೋಡ್ರಿ."

"ಅದರಲ್ಲಿ ಏನಿತ್ತು?"

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಹೊಸಬರಿಗೆ ನಾಲ್ಕು ಮಾತು. ಮಾಲತಿ ಬಾಯಿಪಾಠ ಒಪ್ಪಿಸಿದಳು. "ಒಂದು ಪುಸ್ತಕಕ್ಕೆ ನಿಲ್ಲಬೇಡಿ, ಎರಡನೆಯದನ್ನು ಬರೆಯಿರಿ. ಹೊಟ್ಟೆಪಾಡಿನ ಕೆಲಸ ಬಿಡಬೇಡಿ. ತಿದ್ದುವವರಿಗೆ ಹಣ ಕೊಡಿ, ಹೊಗಳುವವರಿಗೆ ಬೇಡ. ಪ್ರಶಸ್ತಿಗೆ ಶುಲ್ಕ ಕೇಳಿದ ಚಳ್ಳಕೆರೆಯ ಬಾಲರಾಜ್‌ಗೆ ನಾನು ಕೊಟ್ಟು ಕೆಟ್ಟೆ, ನೀವು ಕೊಡಬೇಡಿ."

ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು. "ಭಾನುವಾರ ಅವನ ಕತೆ ಬರೆಯೋ ಕ್ಲಾಸಿನ ಹುಡುಗರೂ ಬರ್ತಾರೆ. ದುಡ್ಡು ಕಟ್ಟೋಕೆ ಮುಂಚೆ ಅವರು ಇದನ್ನ ಓದ್ಬೇಕು."

* * *

ಬುಧವಾರ ಮಾಲತಿ ಗಂಡನೊಡನೆ ನನ್ನಿವಾಳ ಗ್ರಾಮಕ್ಕೆ ಹೋಗಿದ್ದಳು. ಮನೆಯಲ್ಲಿದ್ದವಳು ಅತ್ತೆ ಕೆಂಚಕ್ಕ ಒಬ್ಬಳೇ.

"ಸೊಸೆ ಬರೆಯುವುದು ನಿಮಗೆ ಆಗದಂತೆ?" ಎಂದು ಕೇಳಿದರು ಶಶಿರೇಖಾ.

"ಆಗಲ್ಲ. ದಿನಾ ಬೈತೀನಿ. ನಾನು ಹಾಳು ಮಾಡಂಗಿದ್ರೆ ಒಟ್ಟಿಗೇ ಒಲೆಗೆ ಇಡ್ತಿದ್ದೆ ಕಣವ್ವ. ಒಂದೊಂದೇ ಹಾಳೆ ಕೊಯ್ಕಂಡು ಕೂರೋಕೆ ನಂಗೇನ್ ಬ್ಯಾರೆ ಗೇಮೆ ಇಲ್ವಾ?"

ಮಧ್ಯಾಹ್ನ ಆಕೆ ಗುಡಿಗೆ ಹೋಗಿದ್ದಳಂತೆ. ಹಿಂಬಾಗಿಲಿಗೆ ಬರೀ ಚಿಲಕ. ಆ ಹೊತ್ತಿನಲ್ಲಿ ಬೀದಿಯ ತುದಿಯಲ್ಲಿ ಬಾಲರಾಜನ ಸ್ಕೂಟರ್ ನಿಂತಿತ್ತೆಂದು ಎದುರುಮನೆಯವರು ತಿಳಿಸಿದರು.

* * *

ಚಳ್ಳಕೆರೆ. ಬಾಲರಾಜನ ಕೋಣೆಯ ಗೋಡೆಯ ತುಂಬ ಪ್ರಶಸ್ತಿ ಫಲಕಗಳು. ಹೆಸರಿನ ಜಾಗ ಎಲ್ಲದರಲ್ಲಿಯೂ ಖಾಲಿ. ಹಣ ಕಟ್ಟಿದವನ ಹೆಸರು ಅಲ್ಲಿಗೆ ಬರುತ್ತದೆ.

"ಹೋಗಿದ್ದೆ ಮೇಡಂ, ಶುಭಾಶಯ ಹೇಳೋಕೆ," ಎಂದ ಬಾಲರಾಜ್. "ಒಳಗೆ ಮಗ್ಗದ ಸದ್ದು. ಅತ್ತೆ ನೇಯ್ತಿದ್ರು. ಆಯಮ್ಮನ ಬಾಯಿಗೆ ಹೆದರಿ ಬಾಗಿಲಿಂದಲೇ ವಾಪಸ್ ಬಂದೆ. ಅವರನ್ನೇ ವಿಚಾರಿಸ್ರಿ."

"ಸದ್ದು ಚೆನ್ನಾಗಿ ಕೇಳಿಸಿತೇ?"

"ಬೀದಿಗೆಲ್ಲಾ ಕೇಳ್ತಿತ್ತು."

"ಸ್ಕೂಟರಿನ ಡಿಕ್ಕಿ ತೆಗೆಯಿರಿ."

ಡಿಕ್ಕಿಯಲ್ಲಿ ಹಾಳೆಗಳ ಕಟ್ಟು ಇತ್ತು. ರದ್ದಿಗೆ ಹಾಕಲು ಇಟ್ಟುಕೊಂಡಿದ್ದ. ಕದ್ದದ್ದರಲ್ಲಿಯೂ ಕಾಸು.

"ನಿನ್ನೆ ಅಮಾವಾಸ್ಯೆ," ಎಂದರು ಶಶಿರೇಖಾ. "ಅಂದು ನೇಕಾರರು ಮಗ್ಗಕ್ಕೆ ಪೂಜೆ ಮಾಡಿ ಬಿಡುವು ಕೊಡುತ್ತಾರೆ, ನೇಯುವುದಿಲ್ಲ. ಮುದುಕಿ ಮನೆಯಲ್ಲಿದ್ದಳೆಂದು ನಂಬಿಸಲು ನೀವು ಮಗ್ಗದ ಸದ್ದಿನ ಕಥೆ ಕಟ್ಟಿದಿರಿ. ಆಕೆ ಗುಡಿಗೆ ಹೋಗುವುದನ್ನು ಕಾದು ಒಳಹೊಕ್ಕಿರಿ. ಪುಸ್ತಕಗಳನ್ನೇ ಏಕೆ ಒಯ್ಯಲಿಲ್ಲ?"

ಅವನು ತಲೆ ತಗ್ಗಿಸಿದ. "ಹಾಳೆ ಇರೋದು ಪ್ರೆಸ್‌ನಲ್ಲೇ ಗೊತ್ತಾಯ್ತು. ಪುಸ್ತಕ ಹೋದ್ರೆ ಕಳ್ಳತನ ಅಂತಾರೆ. ಹಾಳೆ ಹೋದ್ರೆ ಪ್ರೆಸ್‌ನ ಬೈತಾರೆ ಅಂತ..."

ಶಶಿರೇಖಾ ಹಾಳೆಗಳನ್ನು ಎಣಿಸಿದರು. ಇನ್ನೂರ ತೊಂಬತ್ತೊಂಬತ್ತು.

"ಇನ್ನೊಂದು?"

"ದಾರೀಲಿ ಹಸಿವಾಯ್ತು ಮೇಡಂ. ಅದರಲ್ಲಿ ಮಂಡಕ್ಕಿ ಹಾಕ್ಕೊಂಡು ತಿಂದೆ."

ಶಶಿರೇಖಾ ಮುಖ ತಿರುಗಿಸಿ ಜೀಪಿನ ಬಾಗಿಲು ತೋರಿಸಿದರು.

* * *

ಹಾಳೆಗಳ ಮಹಜರು ಮುಗಿದು ಮಾಲತಿಯ ಕೈಸೇರಿದ್ದು ಶನಿವಾರ. ಕೆಂಚಕ್ಕ ಬೈಯುತ್ತಲೇ ಮೈದಾ ಅಂಟು ಕಾಯಿಸಿದಳು, ಬೈಯುತ್ತಲೇ ಅಂಟಿಸಿದಳು. ಭಾನುವಾರ ಹುಡುಗರು ಪುಸ್ತಕವನ್ನು ಹಿಂದಿನಿಂದ ಓದಿದರು. ಬಾಲರಾಜನ ಕ್ಲಾಸಿಗೆ ಒಬ್ಬನೂ ಹಣ ಕಟ್ಟಲಿಲ್ಲ.

ಕೊನೆಯ ಹಾಳೆಯಿಲ್ಲದ ಒಂದು ಪ್ರತಿ ಮಗ್ಗದ ಬಳಿ ಉಳಿಯಿತು.

"ಅದಕ್ಕೂ ಒಂದು ಹಾಳೆ ಬರ್ದು ಹಚ್ಚಬಾರ್ದೇನೇ?" ಎಂದಳು ಕೆಂಚಕ್ಕ.

"ಬ್ಯಾಡತ್ತೆ. ಅದು ಅವನ ಬಾಕಿ. ಹಂಗೇ ಇರ್ಲಿ."