ನಳಿಗೆಯ ಕೆಳಗೆ ಸಿಕ್ಕಿಬಿದ್ದ ಕಾಗದ

ಮೊದಲ ಮೂರು ಗುಂಡು ಗುರಿಹಲಗೆಯ ನಟ್ಟನಡುವೆ ಹೊಕ್ಕವು. ನಾಲ್ಕನೆಯದು ಒಂದು ಬೆರಳು ಮೇಲೆ ಬಿತ್ತು. ಐದನೆಯದು ಇನ್ನೂ ಮೇಲೆ. ಹತ್ತು ಮುಗಿಯುವಷ್ಟರಲ್ಲಿ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ನಾಳೆ ಶಿಬಿರಕ್ಕೆ ಆಯ್ಕೆ ಅತ್ತೆ. ನನ್ನ ಕೈ ನಡುಗ್ತಿದೆಯಂತೆ. ಕೋಚ್ ಹೇಳಿದ್ರು."

ಅತ್ತೆ ಪೊಲೀಸ್ ಇನ್ಸ್‌ಪೆಕ್ಟರ್. ಅಣ್ಣನ ಮಗಳ ಅಭ್ಯಾಸ ನೋಡಲು ರಜೆ ಹಾಕಿ ಬಂದಿದ್ದಳು. ಆದರೆ ಅವಳ ಮೂಗಿಗೆ ರಜೆಯೆಂಬುದಿಲ್ಲ.

"ನಡುಗೋ ಕೈ ದಿಕ್ಕಾಪಾಲಾಗಿ ಹೊಡೆಯುತ್ತೆ. ಇವು ಏಣಿ ಹತ್ತಿದ ಹಾಗೆ ಸಾಲಾಗಿ ಹತ್ತಿವೆ. ಬಂದೂಕು ಕೊಡು."

"ಗುಂಡು ಹಾರಿದ ಹಾಗೆಲ್ಲ ನಳಿಗೆ ಬಿಸಿಯಾಗಿ ಕೆಳಗಿನ ಮರದ ಹಿಡಿಗೆ ಒತ್ತಿದ್ರೂ ಹೀಗಾಗುತ್ತೆ," ಹುಡುಗಿ ಯೋಚಿಸುತ್ತ ಹೇಳಿದಳು. "ಮಧ್ಯೆ ಕಾಗದ ಸರಿಯೋಷ್ಟು ಜಾಗ ಇರಬೇಕು. ಕೋಚ್ ದಿನಾ ಬೆಳಿಗ್ಗೆ ಎಲ್ಲರ ಬಂದೂಕಿಗೂ ಕಾಗದ ತೂರಿಸಿ ನೋಡ್ತಾರೆ."

"ಇವತ್ತು?"

"ಇವತ್ತು ನನ್ನದನ್ನ ಮುಟ್ಟಲಿಲ್ಲ."

ಅತ್ತೆ ಕೈಚೀಲದಿಂದ ಬಸ್ ಟಿಕೆಟ್ ತೆಗೆದು ನಳಿಗೆಯ ಕೆಳಗೆ ತೂರಿಸಿದಳು. ಅದು ಅರ್ಧದಲ್ಲೇ ಸಿಕ್ಕಿಕೊಂಡಿತು.

* * *

ತಿರುಪು ಬಿಚ್ಚಿ ನಳಿಗೆ ಎತ್ತಿದಾಗ ಮರದೊಳಗೆ ಗಟ್ಟಿ ಅಂಟಿನ ಗಂಟೊಂದು ಕಂಡಿತು. ಹುಣಸೆ ಬೀಜದಷ್ಟೇ ಇತ್ತು. ನಳಿಗೆಗೆ ಅಂಟು ಹಿಡಿಯದಿರಲೆಂದು ಕಪ್ಪು ಬೂಟ್ ಪಾಲಿಶ್ ಸವರಿದ್ದರು. ಅದರ ವಾಸನೆ ಇನ್ನೂ ಹೋಗಿರಲಿಲ್ಲ.

"ಈ ಅಂಟು ಒಣಗೋಕೆ ಇಡೀ ರಾತ್ರಿ ಬೇಕು," ಎಂದಳು ಹುಡುಗಿ.

ರಾತ್ರಿ ಬಂದೂಕು ಇಡುವ ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಬ್ಬ ಕೋಚ್. ಇನ್ನೊಬ್ಬ ಕಾವಲುಗಾರ. ಅತ್ತೆ ಇಬ್ಬರನ್ನೂ ಕರೆಸಿದಳು.

"ಪಾಲಿಶಾ? ಇವನ ಬೂಟು ನೋಡಿ, ಕನ್ನಡಿ ಥರ ಹೊಳೀತಿದೆ," ಎಂದ ಕೋಚ್.

ಕಾವಲುಗಾರ ಕಾಲು ಮುಂದಿಟ್ಟ. "ನೋಡಿ ಅಮ್ಮಾ. ಕಂದು ಬೂಟು. ಇದಕ್ಕೆ ಕಪ್ಪು ಬಳಿಯೋಕೆ ನಂಗೇನು ತಲೆ ಕೆಟ್ಟಿದೆಯಾ?"

ಅತ್ತೆ ಕೋಚ್‌ನ ಬಿಳಿ ಕ್ಯಾನ್ವಾಸ್ ಬೂಟು ನೋಡಿದಳು. ಆಮೇಲೆ ಅವನ ಉಗುರು.

"ಬಿಳಿ ಬೂಟಿನವರ ಉಗುರಲ್ಲಿ ಕಪ್ಪು ಪಾಲಿಶ್ ಯಾಕೆ ಸಾರ್? ದಿನಾ ಕಾಗದ ತೂರಿಸೋರು ಇವತ್ತು ಇವಳ ಬಂದೂಕು ಒಂದನ್ನೇ ಬಿಟ್ಟಿದ್ಯಾಕೆ? ಸಿಕ್ಕಿಕೊಳ್ಳುತ್ತೆ ಅಂತ ಮೊದಲೇ ಗೊತ್ತಿತ್ತು, ಅಲ್ವಾ?"

ಕೋಚ್ ಬೆರಳು ಮಡಚಿಕೊಂಡು ಒಪ್ಪಿಕೊಂಡ.

"ಆಯ್ಕೆಯಾದ್ರೆ ದೊಡ್ಡ ಶಿಬಿರಕ್ಕೆ ಹೋಗ್ತಾಳೆ. ಅಲ್ಲಿ ಬೇರೆ ಕೋಚ್. ತನ್ನ ಕೈ ಮೇಲೆ ನಂಬಿಕೆ ಹೋದ್ರೆ ನನ್ನ ಹತ್ರಾನೇ ಉಳೀತಾಳೆ ಅಂದ್ಕೊಂಡೆ."

"ಬೇಲೀನೇ ಎದ್ದು ಹೊಲ ಮೇಯ್ತಲ್ಲಪ್ಪಾ!" ಎಂದ ಕಾವಲುಗಾರ.

ಹುಡುಗಿಗೆ ಸಿಟ್ಟು ಬರಬೇಕಿತ್ತು. ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಹಾಗಾದ್ರೆ ನನ್ನ ಕೈ...?"

"ನಿನ್ನ ಕೈಗೇನೂ ಆಗಿಲ್ಲ ಕಣೇ."

ಆಗ ಅವಳಿಗೆ ಅಳು ಬಂತು. ಅತ್ತು, ಮುಖ ಒರೆಸಿಕೊಂಡು, ತಾನೇ ಆ ಗಂಟನ್ನು ಕೆರೆದು ತೆಗೆದಳು. ಬಸ್ ಟಿಕೆಟ್ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಸರಿಯಿತು.

* * *

ಮರುದಿನ ಆಯ್ಕೆಯಲ್ಲಿ ಮೊದಲ ಮೂರು ಗುಂಡಿಗೆ ಅತ್ತೆ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕನೆಯದಕ್ಕೆ ಉಸಿರು ಬಿಗಿಹಿಡಿದಳು.

ಅದು ಮೂರನೆಯದರ ತೂತಿನಲ್ಲೇ ತೂರಿಹೋಯಿತು.

ಹುಡುಗಿ ಹಿಂತಿರುಗಿ ನೋಡಲೂ ಇಲ್ಲ. ಐದನೆಯದನ್ನು ತುಂಬಿಕೊಂಡಳು.